ಗ್ರ್ಯಾಂಡ್ ಆನ್ಸ್‌ನಲ್ಲಿ ಒಂದು ಸೋಮವಾರ

ಸ್ಯಾನ್ ರಮೋನ್
5 ಅಕ್ಟೋಬರ್ 2024

ಶೈಲಕ್ಕ,

ಯುಗಾದಿಯ ನಂತರ ನಾನು ಇಮೇಲಿನಲ್ಲಿ ಒಂದು ಕಾಗದವನ್ನೂ ಬರೆದಿಲ್ಲ. ಜುಲೈನಲ್ಲಿ ನಿಮ್ಮ ಕಡೆ ಬಿರುಗಾಳಿ ಎದ್ದಾಗ ಗಾಬರಿಯಾಗಿ ಫೋನ್ ಮಾಡಿದೆ, ಲೈನ್ ಸಿಗಲಿಲ್ಲ. ಎರಡು ದಿನ ಬಿಟ್ಟು "ಕ್ಷೇಮವಾಗಿದ್ದೇವೆ" ಅಂತ ನೀವೇ ಮೆಸೇಜ್ ಕಳಿಸಿದಿರಿ. ನಾನು ಒಂದು ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾದೆ. ಬೈಯಿರಿ, ಬೈಸಿಕೊಳ್ಳುತ್ತೇನೆ.

ಈಗ ಬರೆಯುತ್ತಿರುವುದೂ ಸ್ವಾರ್ಥಕ್ಕೇ. ಡಿಸೆಂಬರ್ ರಜೆಗೆ ನಾವು ಗ್ರೆನಡಾಕ್ಕೆ ಬರುತ್ತಿದ್ದೇವೆ. ನಿಜವಾಗಿಯೂ. ನಾನು, ಸುಧನ್ವ, ತನ್ವಿ. ಜೊತೆಗೆ ನಮ್ಮ ಬೀದಿಯ ಇನ್ನೆರಡು ಕುಟುಂಬ. ಒಂದು ಹೇಮಶ್ರೀಯವರದು. ಅವರ ಬಗ್ಗೆ ಹಿಂದೆ ಬರೆದಿದ್ದೆ, ಮಂಡ್ಯ ಕಡೆಯವರು, ಇಲ್ಲಿ ಕನ್ನಡ ಸಂಘದ ಕೆಲಸವೆಲ್ಲ ಅವರ ಕೈಯಲ್ಲೇ. ಇನ್ನೊಂದು ಸುಮನ್ ಅವರದು. ಒಟ್ಟು ಹನ್ನೊಂದು ಜನ. ಪ್ರತಿ ವರ್ಷ ಎಲ್ಲರೂ ಹವಾಯಿ, ಮೆಕ್ಸಿಕೋ ಅನ್ನುತ್ತಾರೆ. ಈ ಸಲ ನಾನು, "ಗ್ರೆನಡಾದಲ್ಲಿ ನಮ್ಮಕ್ಕ ಇದ್ದಾರೆ, ಇಂಟರ್ನೆಟ್ಟಿನಲ್ಲಿ ಸಿಗದ ಮಾಹಿತಿಯೆಲ್ಲ ನಮಗೆ ಸಿಗುತ್ತೆ" ಅಂದೆ. ಅಲ್ಲಿಗೆ ತೀರ್ಮಾನವಾಯಿತು.

ಆದ್ದರಿಂದ ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ. ಡಿಸೆಂಬರ್ 28ಕ್ಕೆ ಬಂದು ಜನವರಿ 3ಕ್ಕೆ ಹೊರಡುತ್ತೇವೆ. ಏನೇನು ನೋಡಬೇಕು, ಸಸ್ಯಾಹಾರಿಗಳು ಏನು ತಿನ್ನಬೇಕು, ಏನು ತರಬೇಕು, ಏನು ತರಬಾರದು, ಎಲ್ಲ ಬರೆಯಿರಿ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ದಿನಕ್ಕೆ ಎಂಟು ಗಂಟೆ ನಾನು ಬೇರೆಯವರ ರಿಪೋರ್ಟುಗಳಲ್ಲಿ ತಪ್ಪು ಹುಡುಕುತ್ತೇನೆ. ಒಂದು ವಾರ ಕಣ್ಣು ಮುಚ್ಚಿ ನಿಮ್ಮ ಮಾತಿನಂತೆ ನಡೆಯಬೇಕು ಅನ್ನಿಸಿದೆ, ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿದ್ದಾಗ ನಡೆಯುತ್ತಿದ್ದ ಹಾಗೆ.

ಭಾವನವರಿಗೆ ನಮಸ್ಕಾರ.

ನಿಮ್ಮ
ನಿರೂ


ಗ್ರೆನಡಾ
12 ಅಕ್ಟೋಬರ್ 2024

ನಿರೂ,

ಇವತ್ತು ವಿಜಯದಶಮಿ. ನಿನ್ನ ಕಾಗದವನ್ನು ಈ ವಾರದಲ್ಲಿ ನಾಲ್ಕು ಸಲ ಓದಿದೆ. 2009ರಲ್ಲಿ ಮೈಸೂರಿನಲ್ಲಿ ನೋಡಿದ್ದು, ಆಗ ತನ್ವಿ ಹುಟ್ಟಿರಲಿಲ್ಲ. ಈಗ ಅವಳಿಗೆ ಹದಿಮೂರು. ನನಗೂ ನಲವತ್ತೊಂಬತ್ತು, ಬೀದಿಯಲ್ಲಿ ಸಿಕ್ಕರೆ ನಿನಗೆ ಗುರುತು ಸಿಗಲಿಕ್ಕಿಲ್ಲ.

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಮೊದಲನೆಯದಾಗಿ, ಇಲ್ಲಿ ಯಾರ ಹತ್ತಿರ ಏನು ಕೇಳುವ ಮುಂಚೆಯೂ "ಗುಡ್ ಮಾರ್ನಿಂಗ್" ಅನ್ನಬೇಕು. ಅಂಗಡಿಗೆ ಹೋದರೂ, ಬಸ್ ಹತ್ತಿದರೂ ಅಷ್ಟೆ. ನೇರವಾಗಿ "ಇದು ಎಷ್ಟು?" ಅಂದರೆ ಮುಖ ತಿರುಗಿಸುತ್ತಾರೆ. ಅಮೆರಿಕದಿಂದ ಬರುವವರು ಇದೊಂದನ್ನು ಮರೆಯುತ್ತಾರೆ. ಮಿಲಿಟರಿಯವರ ಹಸಿರು ಚುಕ್ಕೆಯ ಬಟ್ಟೆ ಇರುತ್ತದಲ್ಲ, ಅದನ್ನು ಗಂಡಸರು, ಮಕ್ಕಳು ಯಾರೂ ತರುವುದು ಬೇಡ. ಇಲ್ಲಿ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಪ್ಲಗ್ಗು ಮೂರು ಚೌಕ ಕಡ್ಡಿಯದು, ಅಡಾಪ್ಟರ್ ಬೇಕು. ಗಾಡಿ ನಮ್ಮ ಊರಿನ ಹಾಗೆ ಎಡಗಡೆ ಓಡುತ್ತದೆ, ರಸ್ತೆ ಮಾತ್ರ ಹಾವು. ಸುಧನ್ವ ಫ್ರೀವೇ ಅಭ್ಯಾಸದಲ್ಲಿ ಓಡಿಸುವುದು ಬೇಡ, ಡ್ರೈವರ್ ಇಟ್ಟುಕೊಳ್ಳಿ. ಒಂದು ದಿನವಾದರೂ ಸಣ್ಣ ವ್ಯಾನಿನ ಬಸ್ಸಿನಲ್ಲಿ ಹೋಗಿ. ಜೋರಾಗಿ ಹಾಡು ಹಾಕಿರುತ್ತಾರೆ, ಇಳಿಯುವ ಜಾಗ ಬಂದಾಗ ತಗಡಿಗೆ ಬೆರಳ ಗೆಣ್ಣಿನಿಂದ ತಟ್ಟಬೇಕು. ತನ್ವಿಗೆ ಖುಷಿಯಾಗುತ್ತದೆ.

ಗ್ರ್ಯಾಂಡ್ ಎಟಾಂಗ್ ಅನ್ನುವ ಬೆಟ್ಟದ ಕೆರೆಗೆ ಬೆಳಗ್ಗೆಯೇ ಹೊರಡಿ, ಮಧ್ಯಾಹ್ನ ಮಂಜು ಮುಚ್ಚುತ್ತದೆ. ಅನಾಂಡೇಲ್ ಜಲಪಾತಕ್ಕೆ ಮೆಟ್ಟಿಲಿದೆ, ಎಲ್ಲರೂ ಇಳಿಯಬಹುದು. ಗುವಾವ್‌ನಲ್ಲಿ ಜಾಯಿಕಾಯಿ ಒಣಗಿಸುವ ದೊಡ್ಡ ಮಂಡಿ ಇದೆ. ಜಾಪತ್ರೆ ಹಸಿಯಾಗಿರುವಾಗ ಎಂಥ ಕೆಂಪು ಅಂತ ಅಲ್ಲಿ ನೋಡಬೇಕು. ಬಾಟನಿ ಓದಿದ ನನಗೇ ಗೊತ್ತಿರಲಿಲ್ಲ. ಊಟಕ್ಕೆ "ಐಟಲ್" ಅಂತ ಬೋರ್ಡ್ ಇರುವಲ್ಲಿ ಹೋಗಿ, ಅದು ಮಾಂಸವಿಲ್ಲದ ಅಡುಗೆ. ಕಲಲೂ ಅಂದರೆ ಗಾಬರಿಯಾಗಬೇಡ, ನಮ್ಮ ಕೆಸುವಿನ ಸೊಪ್ಪೇ. ದೀವಿಹಲಸು ಸುಟ್ಟು ಕೊಡುತ್ತಾರೆ, ಬಿಡಬೇಡ.

ಸಮುದ್ರದ ಪಕ್ಕ ಕಾಂಡಕ್ಕೆ ಕೆಂಪು ಪಟ್ಟೆ ಬಳಿದ ಮರವಿದ್ದರೆ ದೂರ ಇರಿ. ಮ್ಯಾಂಚಿನೀಲ್ ಅಂತ. ಸಣ್ಣ ಸೇಬಿನಂಥ ಹಣ್ಣು, ನೋಡಲು ಚಂದ, ಪೂರ್ತಿ ವಿಷ. ಮಳೆ ಬಂತೆಂದು ಅದರ ಕೆಳಗೆ ನಿಂತರೆ ಎಲೆಯಿಂದ ಇಳಿಯುವ ನೀರಿಗೇ ಮೈ ಬೊಕ್ಕೆ ಏಳುತ್ತದೆ. ಮಕ್ಕಳಿಗೆ ನೀನೇ ಹೇಳು.

ಗ್ರ್ಯಾಂಡ್ ಆನ್ಸ್ ದೊಡ್ಡ ಕಡಲತೀರ, ನೀರು ಶಾಂತ. ಆದರೆ ಸೋಮವಾರ ಅಲ್ಲಿಗೆ ಹೋಗಬೇಡಿ. ಪ್ರವಾಸಿ ಹಡಗಿನ ಜನ ಬಂದು ತುಂಬಿರುತ್ತಾರೆ. ಅಲ್ಲಿಯ ಮಸಾಲೆ ಮಾರ್ಕೆಟ್ಟೂ ಬೇಡ, ಪ್ರವಾಸಿಗಳಿಗೆ ಮಾಡಿದ್ದು. ಸೇಂಟ್ ಜಾರ್ಜಸ್ ಪೇಟೆಗೆ ಹೋಗಿ ಕೊಳ್ಳಿ.

ನಿನ್ನ ಭಾವ ಸದ್ಯಕ್ಕೆ ಮೈಸೂರಿನಲ್ಲಿದ್ದಾರೆ. ನಾನು ನನ್ನ ಕೆಲಸಗಳಲ್ಲಿ ಇದ್ದೇನೆ. 31, ಮಂಗಳವಾರ, ನೀವು ಮೂವರು ಊಟಕ್ಕೆ ಬನ್ನಿ. ಬಿಸಿಬೇಳೆಬಾತ್ ಮಾಡುತ್ತೇನೆ, ಪುಡಿ ನನ್ನದೇ.

ನಿನ್ನ
ಶೈಲಕ್ಕ


ಸ್ಯಾನ್ ರಮೋನ್
3 ನವೆಂಬರ್ 2024

ಶೈಲಕ್ಕ,

ನಿಮ್ಮ ಕಾಗದವನ್ನು ದೀಪಾವಳಿಯ ದಿನ ಹೇಮಶ್ರೀಯವರ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಮರದ ವಿಷಯಕ್ಕೆ ಮಕ್ಕಳೆಲ್ಲ ಬಾಯಿ ಬಿಟ್ಟು ಕೂತರು. ಹೇಮಶ್ರೀ, "ಇಂಥವರನ್ನ ಒಂದ್ಸಲ ನೋಡ್ಲೇಬೇಕು ನಿರುಪಮಾ, ನಮ್ಮನ್ನೂ ಕರ್ಕೊಂಡೋಗಿ" ಅಂದರು.

ಹಾಗಾಗಿ ಸಂಕೋಚದಿಂದಲೇ ಕೇಳುತ್ತಿದ್ದೇನೆ. ಮಂಗಳವಾರ ಹನ್ನೊಂದು ಜನವೂ ಬರಬಹುದೇ? ಅಡುಗೆಗೆ ನಾನು ಬೆಳಗ್ಗೆಯೇ ಬಂದು ಕೈ ಹಾಕುತ್ತೇನೆ. ನೀವು ಮೊದಲು ಕಳಿಸಿದ್ದ ಫೋಟೋ ಎಲ್ಲರಿಗೂ ತೋರಿಸಿದ್ದೇನೆ, ಗುಡ್ಡದ ಮೇಲಿನ ಮನೆ, ಸಮುದ್ರ ಕಾಣುವ ಜಗುಲಿ, ಭಾವನವರು ಕೋಟು ಹಾಕಿ ನಿಂತಿರುವುದು. ಮೆಡಿಕಲ್ ಕಾಲೇಜಿನ ಪ್ರೊಫೆಸರ್ ಮನೆ ಅಂದಾಗ ಎಲ್ಲರಿಗೂ ಕುತೂಹಲ. ಇಲ್ಲಿ ನಮ್ಮ ಕಡೆಯಿಂದ ಹೀಗೆ ತೋರಿಸಿಕೊಳ್ಳುವುದಕ್ಕೆ ನನಗಿರುವವರು ನೀವೊಬ್ಬರೇ.

ಆಗದಿದ್ದರೆ ಹೇಳಿ, ಬೇಜಾರಿಲ್ಲ.

ನಿರೂ


ಗ್ರೆನಡಾ
9 ನವೆಂಬರ್ 2024

ನಿರೂ,

ಮನೆ ಚಿಕ್ಕದು, ಹನ್ನೊಂದು ಜನ ಹೇಗೆ ಅಂತ ಎರಡು ದಿನ ಯೋಚನೆ ಮಾಡಿದೆ. ಬನ್ನಿ. ಎಲ್ಲರೂ ಬನ್ನಿ.

ವಿಳಾಸ ಕೆಳಗೆ ಬರೆದಿದ್ದೇನೆ, ಹಳೆಯದಲ್ಲ, ಇದು ಬೇರೆ. ಗೇಟಿನ ಹತ್ತಿರ ಕೆಂಪು ಹೂವಿನ ಬಳ್ಳಿ ಇದೆ, ಜಗುಲಿಯಿಂದ ಸಮುದ್ರ ಕಾಣುತ್ತದೆ. ಹನ್ನೆರಡೂವರೆಗೆ ಬಂದರೆ ಸಾಕು. ನೀನು ಬೆಳಗ್ಗೆ ಬಂದು ಕೈ ಹಾಕುವುದೇನೂ ಬೇಡ, ನೆಂಟರ ಹಾಗೆ ಬಾ.

ಹೇಮಶ್ರೀಯವರಿಗೆ ಖಾರ ಆಗುತ್ತದೆಯೋ ತಿಳಿಸು.

ಶೈಲಕ್ಕ


ಸ್ಯಾನ್ ರಮೋನ್
6 ಜನವರಿ 2025

ಶೈಲಕ್ಕ,

ಹೊಸ ವರ್ಷದ ಶುಭಾಶಯಗಳು. ಮೊನ್ನೆ ಮನೆ ಮುಟ್ಟಿದೆವು.

ಮಂಗಳವಾರ ಬರಲಾಗದೇ ಹೋದದ್ದಕ್ಕೆ ಹೇಗೆ ಕ್ಷಮೆ ಕೇಳಬೇಕೋ ಗೊತ್ತಾಗುತ್ತಿಲ್ಲ. ಸೋಮವಾರ ರಾತ್ರಿಯಿಂದ ತನ್ವಿಗೆ ವಿಪರೀತ ಜ್ವರ. ಬೆಳಗ್ಗೆ ನಾವು ಮೂವರೂ ರೂಮು ಬಿಟ್ಟು ಕದಲಲಿಲ್ಲ. ನಾವಿಲ್ಲದೆ ಉಳಿದವರಿಗೆ ಬರಲು ಸಂಕೋಚ. ಫೋನಿಗೆ ಸಿಗ್ನಲ್ ಇರಲಿಲ್ಲ, ಮೆಸೇಜ್ ಹೋಗಿದೆ ಅಂದುಕೊಂಡಿದ್ದೆ, ಹೋಗಿರಲಿಲ್ಲ. ನೀವು ಅಷ್ಟೊಂದು ಅಡುಗೆ ಮಾಡಿಕೊಂಡು ಕಾದಿರಬೇಕು.

ನೀವು ಹೇಳಿದ ಎಲ್ಲ ಜಾಗ ನೋಡಿದೆವು. ಕೆರೆ, ಜಲಪಾತ, ಜಾಯಿಕಾಯಿ ಮಂಡಿ. ತನ್ವಿ ಬಸ್ಸಿನ ತಗಡಿಗೆ ತಟ್ಟಿದಳು. ಎಲ್ಲರಿಗೂ ತುಂಬಾ ಹಿಡಿಸಿತು. ನಿಮಗೆ ಎಲ್ಲರೂ ಥ್ಯಾಂಕ್ಸ್ ಹೇಳಿದ್ದಾರೆ.

ನಾಳೆಯಿಂದ ಆಫೀಸು. ಮತ್ತೆ ಬರೆಯುತ್ತೇನೆ.

ನಿರೂ


ಗ್ರೆನಡಾ
8 ಜನವರಿ 2025

ನಿರೂ,

ತನ್ವಿ ಹೇಗಿದ್ದಾಳೆ, ಅದು ಮೊದಲು ತಿಳಿಸು. ಇಲ್ಲಿ ಸೊಳ್ಳೆಯಿಂದ ಡೆಂಗ್ಯೂ ಬರುವುದುಂಟು. ಕೀಲು ನೋವು, ಕಣ್ಣಿನ ಹಿಂದೆ ನೋವು ಇದ್ದರೆ ಡಾಕ್ಟರಿಗೆ ಗ್ರೆನಡಾಕ್ಕೆ ಹೋಗಿದ್ದೆವು ಅಂತ ಹೇಳಲೇಬೇಕು. ಮರೆಯಬೇಡ. ಎಳನೀರು ಸಿಗದಿದ್ದರೆ ಗಂಜಿಯ ತಿಳಿ ಕೊಡು.

ಅಡುಗೆ ದಂಡವಾಗಲಿಲ್ಲ. ರಜೆಗೆ ಊರಿಗೆ ಹೋಗದ ಹುಡುಗ ಹುಡುಗಿಯರು ಕಾಲೇಜಿನಲ್ಲಿ ಇದ್ದರು, ಬಂದು ಉಂಡರು. ಮೂರು ಗಂಟೆಯವರೆಗೆ ಕಾದೆ, ಅದಕ್ಕೇನಂತೆ. ಮಗುವಿಗೆ ಹುಷಾರಿಲ್ಲದಾಗ ಯಾವ ಊಟ.

ಒಂದು ತಮಾಷೆ ಕೇಳು. ಸೋಮವಾರ ಗ್ರ್ಯಾಂಡ್ ಆನ್ಸ್ ಮಾರ್ಕೆಟ್ಟಿನಲ್ಲಿ ಯಾರೋ ಒಬ್ಬರನ್ನು ನೀನೇ ಅಂದುಕೊಂಡು ಹೆಸರು ಹಿಡಿದು ಕರೆದುಬಿಟ್ಟೆ. ಟೋಪಿ, ಕಪ್ಪು ಕನ್ನಡಕ ಹಾಕಿದ್ದರು. ನಿನ್ನದೇ ನಿಲುವು. ಆದರೆ ಬೇರೆ ಯಾರೋ. ಪಾಪ, ಅವರಿಗೂ ಮುಜುಗರವಾಯಿತು. ಬಲಗಣ್ಣು ಒಂದು ವರ್ಷದಿಂದ ಮಂಜು ಮಂಜು, ತೋರಿಸಬೇಕು.

ಶೈಲಕ್ಕ


ಗ್ರೆನಡಾ
9 ಫೆಬ್ರವರಿ 2025

ನಿರೂ,

ತಿಂಗಳಾಯಿತು, ನಿನ್ನ ಸುದ್ದಿಯಿಲ್ಲ. ತನ್ವಿಯ ಜ್ವರ ಏನಾಯಿತು? ನಾನು ಡೆಂಗ್ಯೂ ಅಂತ ಬರೆದು ನಿನ್ನನ್ನು ಹೆದರಿಸಿದೆನೇನೋ ಅನ್ನಿಸುತ್ತಿದೆ. ಒಂದು ಸಾಲು ಬರೆ, ಸಾಕು.

ಶೈಲಕ್ಕ


ಸ್ಯಾನ್ ರಮೋನ್
2 ಮಾರ್ಚ್ 2025

ಶೈಲಕ್ಕ,

ತನ್ವಿಗೆ ಜ್ವರ ಬಂದಿರಲಿಲ್ಲ.

ಈ ಒಂದು ಸಾಲು ಬರೆಯಲು ಎರಡು ತಿಂಗಳು ಬೇಕಾಯಿತು. ಉಳಿದದ್ದನ್ನೂ ಇವತ್ತು ಬರೆಯದಿದ್ದರೆ ಮುಂದೆಂದೂ ಬರೆಯಲಾರೆ.

ಸೋಮವಾರ ಹೇಮಶ್ರೀಗೆ ಜಾಯಿಕಾಯಿ ಜ್ಯಾಮ್ ಬೇಕಿತ್ತು. ಅಕ್ಕ ಬೇಡ ಅಂದಿದ್ದಾರೆ ಎಂದು ನಾನು ಹೇಳಿದರೂ, "ಐದು ನಿಮಿಷ, ಬನ್ನಿ" ಅಂತ ಮಾರ್ಕೆಟ್ಟಿನೊಳಗೆ ನನ್ನನ್ನೂ ತನ್ವಿಯನ್ನೂ ಕರೆದುಕೊಂಡು ಹೋದರು. ಎರಡನೇ ಸಾಲಿಗೆ ತಿರುಗುವಾಗಲೇ ಕರಿಬೇವಿನ ಒಗ್ಗರಣೆಯ ವಾಸನೆ ಬಂತು. ನೀವು ಪಕ್ಕಕ್ಕೆ ತಿರುಗಿ ಕಾವಲಿಯ ಮೇಲೆ ರೋಟಿ ಮಗುಚುತ್ತಿದ್ದಿರಿ. ತಲೆಗೆ ಬಲೆ, ಮೈಮೇಲೆ ಏಪ್ರನ್. ನಿಮ್ಮ ಹಿಂದೆ ರಟ್ಟಿನ ಮೇಲೆ ಬೆಲೆಪಟ್ಟಿ. ನೀವು ನನ್ನನ್ನು ನೋಡುವುದಕ್ಕೆ ಮುಂಚೆ ನಾನು ನಿಮ್ಮನ್ನು ನೋಡಿದೆ, ಶೈಲಕ್ಕ. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ. ತಲೆಯ ಮೇಲಿದ್ದ ಕಪ್ಪು ಕನ್ನಡಕವನ್ನು ನಾನು ಕಣ್ಣಿಗೆ ಇಳಿಸಿದ್ದು ಆಮೇಲೆ.

ಸುಧನ್ವ ಸುಮನ್ ಅವರ ಜೊತೆ ಹೊರಗೇ ಇದ್ದ. ಹೇಮಶ್ರೀ ನಿಮ್ಮ ಅಂಗಡಿಯ ಮುಂದೆಯೇ ನಿಂತು, "ಇಲ್ಲಿ ನೋಡಿ, ನಮ್ಮ ಕಡೆ ವಾಸ್ನೆ. ಟೇಸ್ಟ್ ಮಾಡೋಣ್ವಾ?" ಅಂದರು. ನೀವು ತಲೆ ಎತ್ತಿದಿರಿ. "ನಿರೂ? ನಿರೂ ಅಲ್ವೇನೇ ನೀನು?"

ಹೇಮಶ್ರೀ ನನ್ನ ಕಡೆ ನೋಡಿ, "ನಿಮ್ಮನ್ನೇ ಕರೀತಿರೋ ಹಾಗಿದೆ. ಗೊತ್ತಾ ಇವರು?" ಅಂದರು.

"ಇಲ್ಲಪ್ಪ, ಬೇರೆ ಯಾರನ್ನೋ ಅಂದ್ಕೊಂಡಿರ್ಬೇಕು," ಅಂತ ಅವರಿಗಷ್ಟೇ ಕೇಳುವ ಹಾಗೆ ಅಂದೆ. ಅಷ್ಟಕ್ಕೆ ನಿಲ್ಲಿಸಲಿಲ್ಲ. ನಿಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೀವು ತಪ್ಪು ತಿಳಿದಿದ್ದೀರಿ ಅಂದೆ. ನೀವು ಏಪ್ರನ್ನಿಗೆ ಕೈ ಒರೆಸಿಕೊಂಡು, "ಸಾರಿ ಮ್ಯಾಡಮ್" ಅಂದಿರಿ.

ನನಗೆ ಹೆಪಟೈಟಿಸ್ ಆದಾಗ ಹಾಸ್ಟೆಲ್ಲಿನಲ್ಲಿ ಹತ್ತೊಂಬತ್ತು ದಿನ ನನ್ನ ವಾಂತಿ ಬಳಿದವರು ನೀವು. ಲೆಕ್ಚರರ್ ಕೆಲಸದ ಇಂಟರ್‌ವ್ಯೂ ಅದೇ ವಾರ ಇತ್ತು, ನೀವು ಹೋಗಲಿಲ್ಲ. ನನಗೆ ಹೇಳಲೂ ಇಲ್ಲ, ಬೇರೆಯವರಿಂದ ಗೊತ್ತಾಯಿತು. ನಿಮ್ಮ ಬಾಯಿಂದ ನಾನು "ಮ್ಯಾಡಮ್" ಅನ್ನಿಸಿಕೊಂಡೆ.

ಹೇಮಶ್ರೀ ನಾಲ್ಕು ರೋಟಿ ಕಟ್ಟಿಸಿಕೊಂಡರು. ವ್ಯಾನಿನಲ್ಲಿ ಎಲ್ಲರೂ ಹಂಚಿಕೊಂಡು ತಿಂದೆವು. ನಾನೂ ತಿಂದೆ. ಒಳಗೆ ತುಂಬಿದ ಆಲೂ ಕಡಲೆಕಾಳಿನ ಪಲ್ಯಕ್ಕೆ ನೀವು ಕೊನೆಗೆ ಹಾಕುವ ಹುರಿದ ಮೆಂತ್ಯದ ಪುಡಿ ಇತ್ತು. ತನ್ವಿ ಮುಟ್ಟಲಿಲ್ಲ. ರೂಮಿಗೆ ಬಂದ ಮೇಲೆ, "ಅಮ್ಮಾ, ದಟ್ ವಾಸ್ ಶೈಲಾ ಆಂಟಿ. ವೈ ಡಿಡ್ ಯು ಸೇ ನೋ?" ಅಂದಳು. ನನ್ನ ಮೇಜಿನ ಮೇಲೆ ನಮ್ಮಿಬ್ಬರ ಹಾಸ್ಟೆಲ್ ಫೋಟೋ ಇದೆ, ದಿನವೂ ನೋಡುತ್ತಾಳೆ. "ಅಲ್ಲ ಕಣೇ, ಅವರೇ ಬೇರೆ" ಅಂದೆ. ಮಗಳಿಗೂ ಸುಳ್ಳು ಹೇಳಿದೆ.

ನಾನು ಹೆದರಿದ್ದು ಯಾಕೆ ಅಂತ ಈಗ ಬರೆದರೆ ಎಷ್ಟು ಸಣ್ಣದಾಗಿ ಕಾಣುತ್ತದೆ. ಮೂರು ತಿಂಗಳಿಂದ ಎಲ್ಲರ ಮುಂದೆ ಪ್ರೊಫೆಸರ್, ಬಂಗಲೆ, ಜಗುಲಿ ಅಂತ ಹೇಳಿಕೊಂಡು ತಿರುಗಿದ್ದೆ. ಸುಳ್ಳುಗಾತಿ ಅನ್ನಿಸಿಕೊಳ್ಳುತ್ತೇನೆ ಅಂತ ಹೆದರಿ ಸುಳ್ಳು ಹೇಳಿದೆ. ಮಂಗಳವಾರ ನೀವು ಕಾಯುತ್ತಿದ್ದ ಹೊತ್ತಿಗೆ ನಾನು ರೆಸಾರ್ಟಿನ ಕೊಡೆಯ ಕೆಳಗೆ ಮಲಗಿದ್ದೆ. ಅಕ್ಕನಿಗೆ ಅರ್ಜೆಂಟ್ ಕೆಲಸ ಬಂತಂತೆ ಅಂತ ಸುಧನ್ವನಿಗೂ ಹೇಳಿ, ಉಳಿದವರಿಗೆ ಅವನಿಂದಲೇ ಹೇಳಿಸಿದ್ದೆ.

ಹೋದ ಭಾನುವಾರ ಇಲ್ಲಿ, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಪಾಟ್‌ಲಕ್ ಇತ್ತು. ಸುಮನ್ ಅವರ ಹೆಂಡತಿ ಗ್ರೆನಡಾದ ಕತೆ ತೆಗೆದರು. ರೋಟಿ ಮಾರುವ ಹೆಂಗಸೊಬ್ಬಳು ನಿರುಪಮಾನ್ನ ಕನ್ನಡದಲ್ಲಿ ಕರೆದಳಂತೆ ಅಂತ ಹೇಳಿ, "ನಿರೂ ಅಲ್ವೇನೇ" ಅಂತ ರಾಗ ಎಳೆದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ತನ್ವಿ ತಟ್ಟೆ ಬಿಟ್ಟು ಎದ್ದುಹೋದಳು. ಮರುದಿನ ಸ್ಕೂಲಿಗೆ ಬಿಡುವಾಗ, ಕಾರಿನ ಬಾಗಿಲು ತೆಗೆದು, ಅವಳಿಗೆ ಬರುವಷ್ಟು ಕನ್ನಡದಲ್ಲಿ, "ನೀನು ನಗಬಾರದಿತ್ತು ಅಮ್ಮ" ಅಂದಳು.

ನೀವು ಬೇರೆ ಯಾರೋ ಅಂತ ಬರೆದಿದ್ದೀರಿ. ನನ್ನ ಮಾನ ಮುಚ್ಚಲು ಹಾಗೆ ಬರೆದಿರೋ, ನಿಜವಾಗಿಯೂ ಹಾಗೇ ಅಂದುಕೊಂಡಿರೋ ನನಗೆ ತಿಳಿಯಲಿಲ್ಲ. ಬೇರೆ ಯಾರೋ ಅಲ್ಲ, ನಾನೇ.

ನಿರುಪಮಾ


ಗ್ರೆನಡಾ
30 ಮಾರ್ಚ್ 2025

ನಿರುಪಮಾ,

ನಿನ್ನ ಮಾನ ಮುಚ್ಚಲು ನಾನು ಏನೂ ಬರೆದಿರಲಿಲ್ಲ. ನಿಜವಾಗಿಯೂ ನಂಬಿದ್ದೆ. ಕಣ್ಣು ಸರಿಯಿಲ್ಲ, ಮುಖ ಪೂರ್ತಿ ಕಾಣಲಿಲ್ಲ. ನಿಲುವು ನೋಡಿ ನೀನೇ ಅನ್ನಿಸಿತು, ಆದರೆ ಇಂಗ್ಲಿಷಿನಲ್ಲಿ ನಿನ್ನ ಧ್ವನಿ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮಂಗಳವಾರ ನೀವು ಬರದಿದ್ದಾಗ ನಿಮ್ಮ ವ್ಯಾನಿಗೆ ಎಲ್ಲಿ ಏನಾಯಿತೋ ಅಂತ ಹೆದರಿದೆ. ಎರಡನ್ನೂ ಜೋಡಿಸಿ ನೋಡಲೇ ಇಲ್ಲ. ತನ್ವಿಯ ಜ್ವರ ಇಳಿಯಲಿ ಅಂತ ಎರಡು ತಿಂಗಳು ದಿನವೂ ದೇವರ ಮುಂದೆ ಅವಳ ಹೆಸರು ಹೇಳಿದ್ದೇನೆ. ಬಾರದ ಜ್ವರಕ್ಕೆ.

ನಿನ್ನ ಕಾಗದ ಬರುವ ತನಕ ನಾನು ಸುಖವಾಗಿದ್ದೆ. ನೀನು ನಿನ್ನ ಹೊರೆ ಇಳಿಸಿಕೊಂಡೆ, ಅದು ಈಗ ನನ್ನ ತಲೆಯ ಮೇಲೆ ಬಂತು. ಸತ್ಯ ಹೇಳಬಾರದಿತ್ತು ಅನ್ನುತ್ತಿಲ್ಲ. ಹೇಳಿದ್ದರಿಂದ ನನಗೆ ಏನಾಯಿತು ಅಂತಷ್ಟೇ ಹೇಳುತ್ತಿದ್ದೇನೆ. ಮೂರು ವಾರ ಆ ಮಾರ್ಕೆಟ್ಟಿನಲ್ಲಿ ನಿಲ್ಲುವುದೇ ಕಷ್ಟವಾಯಿತು. ನೀನು ನಿಂತಿದ್ದ ಜಾಗ ಕಾವಲಿಯಿಂದ ನಾಲ್ಕು ಅಡಿ.

ನನ್ನ ಪಾಲಿನದನ್ನೂ ಬರೆಯಬೇಕು. ನಿನ್ನ ಭಾವ ಶಿವಶರಣರು 2021ರಲ್ಲೇ ಕೆಲಸ ಬಿಟ್ಟು ಮೈಸೂರಿಗೆ ಹೋದರು. ನಾವು ಬೇರೆಯಾಗಿದ್ದೇವೆ. ಕೋರ್ಟು, ಜಗಳ ಏನಿಲ್ಲ. ಅವರಿಗೆ ನಾನು ಬೇಕಾಗಿರಲಿಲ್ಲ, ನನಗೆ ಹಿಂದಿರುಗಿ ಎಲ್ಲರಿಗೂ ಕಾರಣ ಹೇಳುವುದು ಬೇಕಾಗಿರಲಿಲ್ಲ. ಗುಡ್ಡದ ಮೇಲಿನ ಮನೆ ಕಾಲೇಜಿನದು, ಅವರ ಜೊತೆಗೇ ಹೋಯಿತು. ವಿದ್ಯಾರ್ಥಿಗಳಿಗೆ ಊಟದ ಡಬ್ಬಿ ಕಳಿಸಲು ಶುರುಮಾಡಿದೆ, ಆಮೇಲೆ ಮಾರ್ಕೆಟ್ಟಿನ ಅಂಗಡಿ. ಈ ಕೆಲಸ ನನಗೆ ಇಷ್ಟ. ಆದರೆ ನಿನಗೆ ಮಾತ್ರ ಬರೆಯಲಿಲ್ಲ. ನಿನ್ನ ಕಾಗದಗಳಲ್ಲಿ ನಾನು ಪ್ರೊಫೆಸರರ ಹೆಂಡತಿಯಾಗಿ ಇದ್ದೆ, ಅಲ್ಲಿ ಇನ್ನಷ್ಟು ದಿನ ಇರೋಣ ಅನ್ನಿಸಿತು. ಸೋಮವಾರ ಗ್ರ್ಯಾಂಡ್ ಆನ್ಸ್‌ಗೆ ಹೋಗಬೇಡಿ ಅಂತ ಬರೆದದ್ದು ಹಡಗಿನ ಜನಕ್ಕಲ್ಲ. ಆ ರಜೆಯ ವಾರ ನನ್ನ ಅಂಗಡಿ ತೆರೆಯುವುದಿದ್ದದ್ದು ಅದೊಂದೇ ದಿನ.

ನಾನು ಕಳಿಸಿದ ಆ ವಿಳಾಸ ನಿಹಾರಿಕಾ ಅನ್ನುವ ಟೀಚರ್ ಗೆಳತಿಯದು. ರಜೆಗೆ ಊರಿಗೆ ಹೋಗುವಾಗ ಕೀಲಿಕೈ ಕೇಳಿ ಇಸಿದುಕೊಂಡೆ. ಗೋಡೆಯ ಮೇಲಿನ ಅವಳ ಫೋಟೋ ತೆಗೆದು ಬೀರುವಿನಲ್ಲಿಟ್ಟೆ. ನಿನ್ನ ಸ್ನೇಹಿತರ ಮುಂದೆ ನೀನು ತಲೆ ತಗ್ಗಿಸಬಾರದು ಅಂತ ಒಂದು ಕಾರಣ. ನಾನೂ ತಗ್ಗಿಸಬಾರದು ಅನ್ನುವುದು ಇನ್ನೊಂದು.

ಹಾಗಾದರೆ ಸೋಮವಾರ ನಿನ್ನನ್ನು ಕರೆದದ್ದೇಕೆ ಅಂತ ಕೇಳಬಹುದು. ಕರೆಯಬೇಕು ಅಂತ ಕರೆಯಲಿಲ್ಲ. ನಿನ್ನನ್ನು ಕಂಡ ಖುಷಿಗೆ ಬಾಯಿಂದ ಹೊರಟುಹೋಯಿತು. ಮರುಕ್ಷಣ ಏಪ್ರನ್ನಿನ ನೆನಪಾಯಿತು. ನೀನಲ್ಲ ಅಂದಾಗ, ಸದ್ಯ, ಅಂದುಕೊಂಡೆ. ನನಗೆ ಈಗ ಅತಿ ಹೆಚ್ಚು ನಾಚಿಕೆಯಾಗುತ್ತಿರುವುದು ಆ ಸಮಾಧಾನಕ್ಕೆ.

ಸ್ವಲ್ಪ ದಿನ ಬರೆಯಬೇಡ.

ಶೈಲಜಾ


ಸ್ಯಾನ್ ರಮೋನ್
27 ಏಪ್ರಿಲ್ 2025

ಶೈಲಕ್ಕ,

ಬರೆಯಬೇಡ ಅಂದಿದ್ದೀರಿ. ನಾಲ್ಕು ವಾರ ಬರೆಯಲಿಲ್ಲ. ಇದೊಂದು ವಿಷಯ ನಿಮಗೆ ಗೊತ್ತಿರಬೇಕು, ಅದಕ್ಕೆ ಬರೆಯುತ್ತಿದ್ದೇನೆ. ಉತ್ತರ ಬೇಡ.

ತನ್ವಿಗೆ ಹೇಳಿದೆ. "ಐ ನೋ" ಅಂದಳು, ಅಷ್ಟೆ. ಸುಧನ್ವನಿಗೆ ಹೇಳಿದೆ. "ಅವತ್ತು ನನ್ನ ಕೈಲೂ ಸುಳ್ಳು ಹೇಳಿಸ್ದೆ" ಅಂದ. ಆಮೇಲೆ ಹೇಮಶ್ರೀ.

ಶನಿವಾರ ಬೆಳಗ್ಗೆ ನಾವಿಬ್ಬರೂ ವಾಕಿಂಗ್ ಹೋಗುತ್ತೇವೆ. ಅರ್ಧ ದಾರಿಗೆ ನಿಂತು ಎಲ್ಲ ಹೇಳಿದೆ. ಸೋಮವಾರ, ಮಂಗಳವಾರ, ಫೋಟೋದ ಮನೆ, ನಾನು ಕೊಚ್ಚಿಕೊಂಡದ್ದು. ನೀವೂ ಭಾವನವರೂ ಬೇರೆಯಾದ ವಿಷಯ ಒಂದನ್ನು ಬಿಟ್ಟು, ಅದು ನಿಮ್ಮದು. ಅವರು ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಅಂದುಕೊಂಡಿದ್ದೆ.

"ನಂಗೆ ಅವತ್ತೇ ಅನ್ನಿಸ್ತು ನಿರುಪಮಾ," ಅಂದರು. "ಯಾರೋ ಅಪರಿಚಿತರು ಕರೆದ್ರೆ ಮನುಷ್ಯರು ತಕ್ಷಣ ತಿರುಗಿ ನೋಡ್ತಾರೆ. ನೀವು ನೋಡ್ಲಿಲ್ಲ."

"ಮತ್ತೆ ಯಾಕೆ ಕೇಳ್ಲಿಲ್ಲ?" ಅಂದೆ.

"ನಿಮ್ಮ ಮುಖ ನೋಡಿ ಬಿಟ್ಬಿಟ್ಟೆ. ಪಾಟ್‌ಲಕ್‌ನಲ್ಲಿ ಎಲ್ಲರ ಜೊತೆ ನಾನೂ ನಗ್ತಾ ಕೂತಿದ್ನಲ್ಲ, ಅದಕ್ಕೆ ನಂಗೂ ಬೇಜಾರಿದೆ. ಆದ್ರೆ ಒಂದು ಮಾತು. ನಮ್ಮ ಚಿಕ್ಕಮ್ಮ ಹೇವರ್ಡ್‌ನಲ್ಲಿ ಹದಿನಾಲ್ಕು ವರ್ಷ ವೇರ್‌ಹೌಸಲ್ಲಿ ಡಬ್ಬ ಪ್ಯಾಕ್ ಮಾಡಿದ್ರು. ನನ್ನನ್ನ ಈ ದೇಶಕ್ಕೆ ಕರೆಸಿ ಓದ್ಸಿದ್ದೇ ಅವರು. ನಿಮ್ಮಕ್ಕ ರೋಟಿ ಮಾಡ್ತಾರೆ ಅಂದ್ರೆ ನಾನು ಮುಖ ತಿರುಗಿಸ್ತೀನಿ ಅಂತ ನಿಮಗೆ ಯಾಕನ್ನಿಸ್ತು? ನನ್ನನ್ನ ನೀವು ಅಷ್ಟೇನಾ ತಿಳ್ಕೊಂಡಿರೋದು?"

ಅವರ ಚಿಕ್ಕಮ್ಮನ ವಿಷಯ ಎಂಟು ವರ್ಷದ ಸ್ನೇಹದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಯಾರಿಗೆ ಹೆದರಿ ನಾನು ನಿಮ್ಮನ್ನು ಅಲ್ಲಗಳೆದೆನೋ ಅವರಲ್ಲಿ ಹೆದರಿಸುವಂಥದ್ದೇನೂ ಇರಲಿಲ್ಲ. ಅದೆಲ್ಲ ನನ್ನೊಳಗೇ ಇದ್ದದ್ದು. ಇದನ್ನು ತಿಳಿದುಕೊಂಡು ನಾಚಿಕೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಕ್ಷಮೆ ಕೇಳುವ ಮಾತು ಹೋದ ಕಾಗದದಲ್ಲೂ ಬರೆಯಲಿಲ್ಲ, ಇದರಲ್ಲೂ ಬರೆಯುವುದಿಲ್ಲ. ನಾನು ಕೇಳಿದರೆ ನೀವು ಕೊಟ್ಟುಬಿಡುತ್ತೀರಿ ಅಂತ ಭಯ.

ನಿರುಪಮಾ


ಗ್ರೆನಡಾ
18 ಮೇ 2025

ನಿರೂ,

ನೀನು ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ. ಕ್ಷಮಿಸಿದ್ದೇನೆ ಅಂತ ಇವತ್ತು ಬರೆದರೆ ಅದೊಂದು ಸುಳ್ಳಾಗುತ್ತದೆ, ನಮ್ಮಿಬ್ಬರ ನಡುವೆ ಈಗಾಗಲೇ ಸಾಕಷ್ಟಿವೆ.

ನಿಹಾರಿಕಾಗೆ ನಾನೂ ಹೇಳಿದೆ. ಆ ಮನೆಯಲ್ಲಿ ಏನು ನಾಟಕ ಆಡಹೊರಟಿದ್ದೆ ಅಂತ. ಅವಳು ನಗಲಿಲ್ಲ. "ಫೋಟೋ ಬೀರುವಿನಲ್ಲಿ ಯಾಕಿತ್ತು ಅಂತ ನಾಲ್ಕು ತಿಂಗಳಿಂದ ಯೋಚನೆ ಮಾಡ್ತಿದ್ದೆ" ಅಂದಳು.

ಕಣ್ಣು ತೋರಿಸಿದೆ. ಪೊರೆ ಬಂದಿದೆ, ತೆಗೆಯಬೇಕು. ಜೂನ್ 12ಕ್ಕೆ ಗೊತ್ತುಮಾಡಿದ್ದಾರೆ. ಆಮೇಲೆ ಎರಡು ವಾರ ಬಗ್ಗಬಾರದು, ಭಾರ ಎತ್ತಬಾರದು, ಒಲೆಯ ಮುಂದೆ ನಿಲ್ಲಬಾರದು. ಅಂಗಡಿ ಮುಚ್ಚಬಹುದು, ಆದರೆ ಮುಚ್ಚಿದರೆ ಬರುವ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿ ಅಲ್ಲೇ ರೂಢಿ ಮಾಡಿಕೊಳ್ಳುತ್ತಾರೆ. ವಿದ್ಯಾರ್ಥಿಗಳಲ್ಲಿ ತುಂಬಾ ಜನ ಊರಿಗೆ ಹೋಗಿರುತ್ತಾರೆ. ಇಲ್ಲಿ ನನಗೆ ಸ್ನೇಹಿತೆಯರಿದ್ದಾರೆ, ಯಾರೂ ಇಲ್ಲವೆಂದು ನಿನಗೆ ಬರೆಯುತ್ತಿಲ್ಲ. ಕೇಳಿದರೆ ನಾಳೆಯೇ ಬರುತ್ತಾರೆ. ಮೊದಲು ನಿನಗೆ ಬರೆಯೋಣ ಅನ್ನಿಸಿತು.

ಬರುವುದಾದರೆ ಒಬ್ಬಳೇ ಬಾ, ಇಲ್ಲವೇ ತನ್ವಿಗೆ ರಜೆಯಿದ್ದರೆ ಅವಳನ್ನು ಕರೆದುಕೊಂಡು ಬಾ. ಮನೆ ಎರಡು ಕೋಣೆಯದು, ಸಮುದ್ರ ಕಾಣುವುದಿಲ್ಲ, ಪಕ್ಕದಲ್ಲಿ ಗಾಡಿ ರಿಪೇರಿ ಅಂಗಡಿಯ ಸದ್ದು. ನೋಡುವ ಜಾಗ, ತಿರುಗಾಟ ಯಾವುದೂ ಇರುವುದಿಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹಿಟ್ಟು ಕಲಸಬೇಕು, ಕಡಲೆಕಾಳು ಬೇಯಿಸಬೇಕು, ಎಂಟಕ್ಕೆ ಗ್ರ್ಯಾಂಡ್ ಆನ್ಸ್‌ನಲ್ಲಿ ಇರಬೇಕು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತೇನೆ, ಕಾವಲಿಯ ಮುಂದೆ ನಿಲ್ಲುವವಳು ನೀನು.

ಆ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ನಾನು ಗೊತ್ತು. ನಿನ್ನನ್ನು ನೋಡಿದವರೆಲ್ಲ, ಗುಡ್ ಮಾರ್ನಿಂಗ್ ಆದ ಮೇಲೆ, ಇವರು ನಿಮಗೆ ಏನಾಗಬೇಕು ಅಂತ ಕೇಳುತ್ತಾರೆ. ದಿನಕ್ಕೆ ಹತ್ತು ಸಲವಾದರೂ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ನೀನೇ ಹೇಳಬೇಕು.

ಶೈಲ